ಎಡಗಡೆಯ ಕನ್ನಡಿ

"ಆಣೆ ಮಾಡಲ್ಲ," ಎಂದ ಗಂಗರಾಜು.

ಚಲಪತಿ ಬೈಕಿನ ಎಂಜಿನ್ ಆರಿಸಿರಲಿಲ್ಲ. ಕಾಲೋನಿಯ ನೆಲಕ್ಕೆ ಒಂದು ಕಾಲಿನ ತುದಿಬೆರಳನ್ನಷ್ಟೇ ಊರಿ, ಸೀಟಿನ ಮೇಲೆ ಕೂತೇ ಊರಿನ ತೀರ್ಮಾನ ಒಪ್ಪಿಸಲು ಬಂದಿದ್ದ. ತೀರ್ಮಾನ ಚಿಕ್ಕದು. ಮುಂದಿನ ವಾರದ ಭಾನುವಾರ ಬೆಳಿಗ್ಗೆ ಗಂಗರಾಜು ಅರಳಿಕಟ್ಟೆಯ ಮುಂದೆ ನಿಲ್ಲಬೇಕು. ಕರ್ಪೂರ ಹಚ್ಚಿ ಅಂಗೈಯಲ್ಲಿ ಆರಿಸಿ, ಮಧುಕುಮಾರನ ಸಾವಿನಲ್ಲಿ ತನ್ನ ತಪ್ಪಿಲ್ಲವೆಂದು ಆಣೆ ಮಾಡಬೇಕು. ಅಂಗೈಯಲ್ಲಿ ಬೊಕ್ಕೆ ಎದ್ದರೆ ಆಣೆ ಸುಳ್ಳು. ಸುಳ್ಳಾದರೆ ಅವನೂ ಅವನ ಅಮ್ಮನೂ ತಂಗಿಯೂ ತಿಮ್ಮನಕುಂಟೆ ಬಿಟ್ಟು ಹೋಗಬೇಕು.

ಬೆಂಕಿ ಮುಟ್ಟಿದ ಅಂಗೈಯಲ್ಲಿ ಬೊಕ್ಕೆ ಏಳದೆ ಇನ್ನೇನು ಮಲ್ಲಿಗೆ ಅರಳುತ್ತದೆಯೆ? ಊರಿಗೆ ಇದು ತಿಳಿಯದ್ದಲ್ಲ. ತಿಳಿದೇ ಇಟ್ಟ ಪರೀಕ್ಷೆ ಅದು.

"ಆಣೆ ಮಾಡ್ದೆ ಇನ್ನೇನ್ ಕಿಸೀತೀಯೋ?" ಎಂದ ಚಲಪತಿ. ಸತ್ತ ಮಧುಕುಮಾರನ ಚಿಕ್ಕಪ್ಪನ ಮಗ ಅವನು.

"ತೋರಿಸ್ತೀನಿ. ಲಾರಿ ಎಷ್ಟುದ್ದ ಇತ್ತು, ಕನ್ನಡಿ ಎಲ್ಲಿತ್ತು, ಮಧು ಎಲ್ಲಿ ಕೂತಿದ್ದ, ನನ್ನ ಕಣ್ಣು ಎಲ್ಲಿತ್ತು. ನಿಮ್ಮ ದೊಡ್ಡಪ್ಪ ಬಂದು ನೋಡ್ಲಿ. ನೋಡಿದ್ಮೇಲೆ ಅವರು ಏನಂತಾರೋ ಅದಕ್ಕೆ ನಾನು ಬದ್ಧ."

"ಲಾರೀನ ರಾಜಸ್ಥಾನದಿಂದ ಹೊತ್ಕೊಂಡ್ ಬರ್ತೀಯಾ?"

"ಮಾಡ್ತೀನಿ. ಅಳತೆಗೆ ಸರಿಯಾಗಿ, ಚಿಕ್ಕದಾಗಿ."

ಚಲಪತಿ ಗಹಗಹಿಸಿದ. "ಏಮಿರಾ, ಬೊಂಬೆ ಆಟಾನಾ? ಆಯ್ತು ತಗಾ. ಒಂಬತ್ತು ದಿನ ಐತೆ. ಬೊಂಬೆ ಸರಿ ಹೋಗ್ಲಿಲ್ಲ ಅಂದ್ರೆ ಗಂಟುಮೂಟೆ ಅವತ್ತೇ ಕಟ್ಬೇಕು." ಎಂಜಿನ್ ಗುರುಗುಟ್ಟಿಸಿ ಹೊರಟೇಹೋದ.

ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಗಂಗರಾಜುವಿನ ಅಮ್ಮ ಮುನಿಶಾಮಮ್ಮ ಬಾಗಿಲಿಗೆ ಬಂದಳು. "ಅಂಗೈ ಸುಟ್ರೆ ಎಂಟು ದಿನಕ್ಕೆ ಮಾಯ್ತದೆ ಕಣಪ್ಪ. ಬೊಂಬೆ ಮಾಡಿ ಮಾನ ಉಳಿಸ್ಕೊಂಡೋರನ್ನ ನಾನಂತೂ ಕಂಡಿಲ್ಲ."

ಅದು ಎರಡು ಸಾವಿರದ ಮೂರರ ಮಾರ್ಚ್. ಅದಕ್ಕೂ ನಾಲ್ಕು ವರ್ಷ ಹಿಂದೆ, ಮೇಲೂರಿನಾಚೆಯ ಈ ತಿಮ್ಮನಕುಂಟೆಯಿಂದ ಇಬ್ಬರು ಹುಡುಗರು ಒಂದೇ ದಿನ ಸೈನ್ಯಕ್ಕೆ ಸೇರಿದ್ದರು. ಒಬ್ಬ ಊರೊಳಗಿನ ಚೆನ್ನರಾಯಪ್ಪನ ಮಗ ಮಧುಕುಮಾರ. ಇನ್ನೊಬ್ಬ, ಅದೇ ಚೆನ್ನರಾಯಪ್ಪನ ತೋಟದಲ್ಲಿ ಇಪ್ಪತ್ತು ವರ್ಷದಿಂದ ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ ಮುನಿಶಾಮಮ್ಮನ ಮಗ ಗಂಗರಾಜು. ಊರಿನಲ್ಲಿ ಒಂದೇ ಬಾವಿಯ ನೀರು ಕುಡಿಯದವರು ಸೈನ್ಯದಲ್ಲಿ ಒಂದೇ ಮಗ್ಗಿನಲ್ಲಿ ಚಹಾ ಕುಡಿದರು. ಒಂದೇ ಲಾರಿಯಲ್ಲಿ ಗಡಿಗೂ ಹೋದರು.

ಹಿಂದಿನ ವರ್ಷದ ಜೂನ್ ತಿಂಗಳಲ್ಲಿ, ಮರಳುಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಮೂರು ಟನ್ನಿನ ಆ ಲಾರಿಯನ್ನು ಮರಳುದಿಬ್ಬದ ಮರೆಗೆ ಸರಿಸಬೇಕಿತ್ತು. ಗಂಗರಾಜು ಡ್ರೈವರ್. ಬಲಗಡೆ ನಿಂತ ಹವಾಲ್ದಾರ ಬಾ ಬಾ ಎಂದು ಕೈ ಬೀಸಿದ. ಗಂಗರಾಜು ಎಡಗಡೆಯ ಕನ್ನಡಿ ನೋಡಿದ. ಬರೀ ಮರಳು. ರಿವರ್ಸ್ ಹಾಕಿದ. ಹಿಂದಿನ ಎಡಚಕ್ರದ ಪಕ್ಕದಲ್ಲಿ ಮಧುಕುಮಾರ ಕುಕ್ಕರಗಾಲಲ್ಲಿ ಕೂತು ಗೂಟ ಕೀಳುತ್ತಿದ್ದ.

ವಿಚಾರಣೆ ನಡೆದು ಅಪಘಾತವೆಂದು ಬರೆದಾಯಿತು. ಸೈನ್ಯ ಒಪ್ಪಿತು, ಊರು ಒಪ್ಪಲಿಲ್ಲ. ಒಂದು ದಿನ ಸಂತೆಗೆ ಹೊರಟ ಚೆನ್ನರಾಯಪ್ಪ ಬಸ್ ಸ್ಟಾಪಿನಲ್ಲಿ ಎಲ್ಲರ ಮುಂದೆ "ನನ್ನ ಮಗನ್ನ ಕೊಂದ ಕೊಲೆಗಾರ" ಎಂದ. ಅಂದಿನಿಂದ ಮುನಿಶಾಮಮ್ಮನ ಮನೆಗೆ ಕೊಲೆಗಾರನ ಮನೆ ಎಂದೇ ಹೆಸರು ಬಿತ್ತು. ಅಂಗನವಾಡಿಯ ಮಕ್ಕಳೂ ಹಾಗೆಯೇ ಕರೆದವು. ಗಂಗರಾಜು ರಜೆಯ ಮೇಲೆ ಊರಿಗೆ ಕಾಲಿಟ್ಟದ್ದು ಈ ಹೆಸರಿನ ಮನೆಗೆ.

*

ಒಂದು ಮೀಟರಿಗೆ ಐದು ಸೆಂಟಿಮೀಟರ್. ಅವನು ಹಿಡಿದ ಲೆಕ್ಕ ಅದು. ಲಾರಿಯ ಉದ್ದಗಲ, ಚಕ್ರದ ಅಗಲ, ಬಾಗಿಲಿನ ಎತ್ತರ ಎಲ್ಲ ಅವನ ಡ್ರೈವರ್ ನೋಟ್‌ಬುಕ್ಕಿನಲ್ಲಿ ಇತ್ತು. ಕನ್ನಡಿ ಬಾಗಿಲಿನಿಂದ ಎಷ್ಟು ಹೊರಗೆ ಚಾಚಿತ್ತು ಎಂಬುದೊಂದು ಇರಲಿಲ್ಲ. ಅದು ಅವನ ಮೊಣಕೈಯಲ್ಲಿತ್ತು. ದಿನಾ ಬೆಳಿಗ್ಗೆ ಅದನ್ನು ಒರೆಸಿದ ಕೈ ಅದು. ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈ ಚಾಚಿ, ತಂಗಿ ತನುಜಳ ಕೈಯಲ್ಲಿ ಟೇಪು ಹಿಡಿಸಿ ಅಳೆಸಿದ.

"ಇನ್ನೊಂದ್ಸಲ," ಎಂದಳು ತನುಜ.

"ಯಾಕೆ, ಸರಿಯಾಗೈತಲ್ಲ?"

"ಮೂರು ಸಲ ಅಳೆದು ಮೂರೂ ಒಂದೇ ಬಂದ್ರೆ ಮಾತ್ರ ಬರ್ಕೊಳ್ಳೋದು." ಅವಳು ಚಿಂತಾಮಣಿಯಲ್ಲಿ ಡಿ.ಎಡ್. ಓದುತ್ತಿದ್ದಳು. ವಾರಕ್ಕೊಮ್ಮೆ ಶಿಡ್ಲಘಟ್ಟದ ಓದುಬಳಗದಲ್ಲಿ ಕೂತು ಏಳುವವಳು. ಅಲ್ಲಿ ಯಾರಾದರೂ 'ಎಲ್ಲರೂ ಹಂಗಂತಾರೆ' ಎಂದರೆ 'ಎಲ್ಲರೂ ಅಂದ್ರೆ ಯಾರು, ಹೆಸರು ಹೇಳು' ಎಂದು ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದರು. ಅದೇ ಚಾಳಿ ಇವಳಿಗೂ ಅಂಟಿತ್ತು.

ಎಣ್ಣೆಡಬ್ಬದ ತಗಡು ಕತ್ತರಿಸಿ ಲಾರಿಯ ಮೂತಿ ಮಾಡಿದ. ಹಿಂದಿನ ಡಬ್ಬಿಗೆ ಪ್ಲೈವುಡ್ಡು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯಿಂದ ಚಕ್ರ ಕೊರೆದ, ಸೈಕಲ್ ಕಡ್ಡಿಯನ್ನು ಇರುಸು ಮಾಡಿದ. ಚಾವಣಿಯ ಮೇಲಿನ ಕಮಾನಿಗೆ ಹುಳ ಗೂಡು ಕಟ್ಟುವ ಚಂದ್ರಿಕೆಯ ಬಿದಿರುಸೀಳು ಒಪ್ಪಿತು. ಶಿಡ್ಲಘಟ್ಟದ ಗಾಜಿನಂಗಡಿಯವನು ಉಗುರಗಲದ ಕನ್ನಡಿ ಕೊಯ್ದುಕೊಡಲು ಮೊದಲು ನಕ್ಕ, ಆಮೇಲೆ ಯಾಕೆಂದು ಕೇಳಿ ನಗು ನಿಲ್ಲಿಸಿ, ಅಂಚು ಉಜ್ಜಿ ಕೊಟ್ಟ.

ಬಣ್ಣಕ್ಕೆ ಎರಡು ದಿನ ಹಿಡಿಯಿತು. ಅಂಗಡಿಯ ಹಸಿರು ಗಿಣಿಹಸಿರು, ಸೈನ್ಯದ ಹಸಿರಲ್ಲ. ಅದಕ್ಕೆ ಕಪ್ಪು ಬೆರೆಸಿದರೆ ಸತ್ತ ಬಣ್ಣವಾಯಿತು. ಕೊನೆಗೆ ಅಮ್ಮ ತಂದುಕೊಟ್ಟ ಕೆಮ್ಮಣ್ಣನ್ನು ಚಿಟಿಕೆ ಉದುರಿಸಿದಾಗ ಸರಿಹೋಯಿತು. ಹೊಳಪು ಬಾರದಂತೆ ಸೀಮೆಎಣ್ಣೆಯಲ್ಲಿ ತೆಳುಮಾಡಿ ಬಳಿದ. ಯುದ್ಧದ ಗಾಡಿ ಹೊಳೆಯಬಾರದು, ಹೊಳೆದರೆ ವಿಮಾನಕ್ಕೆ ಕಾಣುತ್ತದೆ.

ಕಾಲೋನಿಯ ಕೋನಪ್ಪ ಬಂದು ಇಣುಕಿದ. "ಲೋ, ಮೂತೀಗೆ ಒಂದು ನಿಂಬೆಹಣ್ಣು, ಹಿಂದ್ಗಡೆ 'ಹಾರನ್ ಮಾಡಿ' ಅಂತ ಬರೀಲಿಲ್ವೇನೋ?"

"ಅಲ್ಲಿ ಹಾರನ್ ಹೊಡೆದ್ರೆ ಗುಂಡು ಬರ್ತದೆ ಮಾವ."

"ಇಲ್ಲಿ ಬಾಯಿ ಬಿಟ್ರೂ ಅದೇ ಬಿಡು," ಎಂದು ಕೋನಪ್ಪ ಬೀಡಿ ಹಚ್ಚಿದ. ಒಂಬತ್ತು ದಿನದಲ್ಲಿ ಆ ಮನೆಯವರು ನಕ್ಕದ್ದು ಅದೊಂದೇ ಸಲ.

*

ಗುರುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಬಲಬಾಗಿಲಿನಲ್ಲಿ, ಡ್ರೈವರ್‌ನ ಕಣ್ಣಿರಬೇಕಾದ ಎತ್ತರಕ್ಕೆ, ಒಂದು ರೂಪಾಯಿಯಗಲದ ತೂತು. ಅದಕ್ಕೆ ಕಣ್ಣಿಟ್ಟರೆ ಆಚೆಯ ಕಿಟಕಿಯಿಂದ ಎಡಗನ್ನಡಿ ಕಾಣುತ್ತದೆ, ಆ ಕನ್ನಡಿಯಲ್ಲಿ ಲಾರಿಯ ಎಡಮಗ್ಗುಲು ಕಾಣುತ್ತದೆ. ಗಂಗರಾಜು ಅಂಗಳಕ್ಕೆ ಮರಳು ಹರಡಿ ಲಾರಿ ಇಟ್ಟ. ಜೇಡಿಮಣ್ಣಿನಲ್ಲಿ ಮಾಡಿ ಖಾಕಿ ಬಳಿದಿದ್ದ, ಕುಕ್ಕರಗಾಲಲ್ಲಿ ಕೂತ ಎರಡಿಂಚಿನ ಮನುಷ್ಯನನ್ನು ಹಿಂದಿನ ಎಡಚಕ್ರದ ಪಕ್ಕ, ಅಳೆದ ಜಾಗದಲ್ಲಿ ಕೂರಿಸಿದ.

ಅವನು ನಂಬಿದ್ದು ಇಷ್ಟು: ಆ ಜಾಗ ಕನ್ನಡಿಯ ಹರಹಿಗೆ ಬರುವುದಿಲ್ಲ. ಒಂಬತ್ತು ತಿಂಗಳು ಅವನು ನಿದ್ದೆ ಮಾಡಿದ್ದರೆ ಆ ನಂಬಿಕೆಯನ್ನು ಹಾಸಿ ಹೊದ್ದೇ ಮಾಡಿದ್ದ.

ನೆಲಕ್ಕೆ ಹೊಟ್ಟೆ ಹಾಕಿ ಮಲಗಿ ಕಣ್ಣಿಟ್ಟ.

ಮಧು ಕಂಡ. ಕನ್ನಡಿಯ ನಟ್ಟನಡುವೆ, ಬೆನ್ನು ತಿರುಗಿಸಿ ಕೂತಿದ್ದ.

ಗಂಗರಾಜು ಏಳಲಿಲ್ಲ. ಬಾಯಿಗೆ ಮರಳು ಹೋಗುತ್ತಿದ್ದುದೂ ಅವನಿಗೆ ಗೊತ್ತಾಗಲಿಲ್ಲ. ತನುಜ ಅವನನ್ನು ಪಕ್ಕಕ್ಕೆ ತಳ್ಳಿ ತಾನು ನೋಡಿದಳು. ಮತ್ತೆ ಅಳೆದಳು. ಮೂರು ಸಲ ಅಳೆದಳು. ಮೂರೂ ಒಂದೇ.

"ಕಾಣ್ತಾನೆ," ಎಂದಳು.

ಮುನಿಶಾಮಮ್ಮ ಸುತ್ತ ನೋಡಿ ದನಿ ಇಳಿಸಿದಳು. "ಆ ಕನ್ನಡೀನ ಒಂಚೂರು ಬಗ್ಸೋ. ಒಂದು ಎಳ್ಳಷ್ಟು. ಯಾರಪ್ಪನ್ ಗಂಟು ಹೋಗ್ತದೆ?"

ಅವನ ಬೆರಳು ಕನ್ನಡಿಯ ತಂತಿಗೆ ಹೋಯಿತು. ಎಳ್ಳಷ್ಟು ಬಗ್ಗಿಸಿ ಮತ್ತೆ ಕಣ್ಣಿಟ್ಟ. ಮಧು ಇರಲಿಲ್ಲ. ಚಕ್ರವೊಂದೇ. ಇಷ್ಟು ಸಲೀಸು. ಈ ಎಳ್ಳಷ್ಟು ತಂತಿಯಲ್ಲಿ ಅಮ್ಮನ ಮನೆ ಇದೆ, ತಂಗಿಯ ಓದಿದೆ, ತಾನು ತಲೆಯೆತ್ತಿ ನಡೆಯುವ ದಾರಿಯಿದೆ.

"ಅಣ್ಣ," ಎಂದಳು ತನುಜ, "ಅದಕ್ಕಿಂತ ಕರ್ಪೂರಾನೇ ವಾಸಿ. ಅದಾದ್ರೆ ಅವರ ಮೋಸ. ಇದು ನಮ್ಮದಾಗ್ತದೆ."

ಅವನು ತಂತಿಯನ್ನು ನೆಟ್ಟಗೆ ಮಾಡಿದ.

*

ಶುಕ್ರವಾರವಿಡೀ ಅವನು ಲಾರಿಯನ್ನು ಮುಟ್ಟಲಿಲ್ಲ. ಗೋಡೆಗೊರಗಿ ಕೂತು ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಓಡಿಸಿದ. ಕನ್ನಡಿ ನೋಡಿದ್ದು ನಿಜ. ಮರಳು ಕಂಡದ್ದು ನಿಜ. ಎಲ್ಲೋ ಏನೋ ಕೊಂಕು. ಕನ್ನಡಿ ತುಂಬ ಮರಳು, ಮೇಲಿನಿಂದ ಕೆಳಗಿನವರೆಗೂ ಮರಳು. ಹಾಗಾದರೆ ಆಕಾಶ? ಯಾವ ಲಾರಿಯ ಕನ್ನಡಿಯಲ್ಲಾದರೂ ಮೇಲಿನರ್ಧ ಆಕಾಶವಿರುತ್ತದೆ. ಅವತ್ತು ಆಕಾಶವೇ ಇರಲಿಲ್ಲ.

"ಬಲೆ," ಎಂದು ಎದ್ದುಬಿಟ್ಟ.

ಗೂಟಕ್ಕೆ ಬಿಗಿದು ಲಾರಿಯನ್ನು ಮರೆಮಾಚುವ ಬಲೆ ಅದು, ಮರಳುಬಣ್ಣದ ಬಟ್ಟೆಪಟ್ಟಿ ಹೆಣೆದದ್ದು. ಲಾರಿ ಹೊರಡುವಾಗ ಅದನ್ನು ಸುತ್ತಿ ಚಾವಣಿಯ ಕಮಾನಿಗೆ ಕಟ್ಟಬೇಕು. ಅದು ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮಾದರಿ ಮಾಡುವಾಗ ಅವನಿಗೆ ಅದರ ನೆನಪೇ ಬಂದಿರಲಿಲ್ಲ.

ಹುಳದ ಹಾಸಿಗೆ ಬದಲಿಸಲು ಹಾಕುವ ಹಳೆಯ ಬಲೆಯ ತುಂಡು ಮನೆಯಲ್ಲಿತ್ತು. ತೆಳುಬಟ್ಟೆಯ ಪಟ್ಟಿ ಕತ್ತರಿಸಿ, ಹಳದಿಗೆ ಬಿಳಿಯನ್ನೂ ಕೆಮ್ಮಣ್ಣನ್ನೂ ಬೆರೆಸಿ ಮರಳಿನ ಬಣ್ಣ ಬರಿಸಿ, ತನುಜಳೂ ಅವನೂ ಶನಿವಾರ ಮಧ್ಯಾಹ್ನದವರೆಗೆ ಒಂದೊಂದೇ ಪಟ್ಟಿ ಹೆಣೆದರು. ಸುತ್ತಿದ ಬಲೆಯನ್ನು ಕಮಾನಿಗೆ ಕಟ್ಟಲು ಅಮ್ಮನ ಕೈಗೆ ಕೊಟ್ಟ. ತಾನು ಎರಡೂ ಕೈಯಲ್ಲಿ ಕಮಾನು ಹಿಡಿದ.

ಮುನಿಶಾಮಮ್ಮ ಯೋಚಿಸದೆ ಕಟ್ಟಿದಳು. ಸೊಪ್ಪಿನ ಹೊರೆಗೆ ಹಾಕುವ ಜಾರುಗಂಟು. ಕೊಯ್ದ ಹಿಪ್ಪುನೇರಳೆ ಸೊಪ್ಪು ಹೊರೆಯಲ್ಲಿ ಬಿಸಿಯೇರಿದರೆ ಹುಳ ಮುಟ್ಟುವುದಿಲ್ಲ. ಅದಕ್ಕೇ ಹೊರೆ ಇಳಿಸಿದ ಕೂಡಲೇ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು.

ಗಂಗರಾಜು ಅದನ್ನೇ ದಿಟ್ಟಿಸಿದ. ಸೈನ್ಯದ ಗಂಟು ಬೇರೆ, ಎರಡು ಸುತ್ತು ಬಿಗಿದು ಕಚ್ಚಿಸುವುದು. ಆ ದಿನ ಎಡಗಡೆ ಕಟ್ಟಿದವನು ಮಧು. ಕಟ್ಟುತ್ತಾ ಹಲ್ಲುಕಿರಿದು ಹೇಳಿದ್ದ: "ಇವರ ಗಂಟು ಬಿಚ್ಚೋದ್ರಲ್ಲಿ ಯುದ್ಧ ಮುಗಿದೋಗ್ತದೆ ಕಣೋ. ಇದು ನಿಮ್ಮಮ್ಮ ಕಲ್ಸಿದ್ದು. ಒಂದೇ ಎಳೆತ."

ಮುನಿಶಾಮಮ್ಮನ ಮೊರವನ್ನು ತೆಗೆದುಕೊಂಡು ಅವನು ಲಾರಿಗೆ ಗಾಳಿ ಬೀಸಿದ. ಹತ್ತು, ಹನ್ನೆರಡು ಸಲ. ಗಂಟು ಮೆಲ್ಲಗೆ ಜಾರಿತು. ಬಲೆಯ ಅಂಚು ಕೆಳಗಿಳಿದು ಕನ್ನಡಿಯನ್ನು ಮುಸುಕಿತು. ಕಣ್ಣಿಟ್ಟು ನೋಡಿದ.

ಬರೀ ಮರಳು. ಆಕಾಶವಿಲ್ಲ.

ಅವತ್ತು ಎಲ್ಲರೂ ಓಡಿಬಂದು ಬಲೆಯನ್ನು ಕಿತ್ತೆಸೆದೇ ಮಧುವನ್ನು ಎತ್ತಿದ್ದರು. ಹಾಗಾಗಿ ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ.

"ಗೆದ್ದೆ ಅಣ್ಣ!" ಎಂದಳು ತನುಜ.

ಅವನು ಅಮ್ಮನ ಕಡೆ ನೋಡಿದ. ಅವಳು ಜಾರಿದ ಗಂಟನ್ನು ನೋಡುತ್ತಿದ್ದಳು. ಅವಳಿಗೂ ಅರ್ಥವಾಗಿತ್ತು. ಗೆಲ್ಲಬೇಕಾದರೆ ಸತ್ತವನ ಕೈಯನ್ನು ತೋರಿಸಬೇಕು. ಆ ಕೈಗೆ ಕಲಿಸಿದ ಕೈಯನ್ನೂ.

"ಗಂಟಿನ ಮಾತು ಬೇಡ," ಎಂದ. "ಗಾಳಿಗೆ ಬಲೆ ಬಿತ್ತು ಅಂತಷ್ಟೇ ಹೇಳ್ತೀನಿ."

"ಅವರು ಕೇಳ್ದೆ ಬಿಡ್ತಾರಾ?" ಎಂದಳು ಮುನಿಶಾಮಮ್ಮ. ಮೊರವನ್ನು ಕೊಡವಿ ಒಳಕ್ಕೆ ಒಯ್ದಳು.

*

ಭಾನುವಾರ ಅರಳಿಕಟ್ಟೆಯ ಮುಂದೆ ಊರಿಗೆ ಊರೇ ನಿಂತಿತ್ತು. ಕಟ್ಟೆಯ ಮೇಲೆ ಐದಾರು ಹಿರಿಯರು, ನಡುವೆ ಚೆನ್ನರಾಯಪ್ಪ. ಮಗ ಸತ್ತ ಮೇಲೆ ಅಂಗಿ ದೊಡ್ಡದಾದಂತೆ ಕಾಣುವ ಮನುಷ್ಯ.

ಗಂಗರಾಜು ಲಾರಿಯನ್ನು ಕಟ್ಟೆಯ ಅಂಚಿಗೆ ಇಡಲು ಹೋದ. ಹಿರಿಯ ಬಯ್ಯಪ್ಪ ಕೈ ಅಡ್ಡ ಹಿಡಿದ. "ಕಟ್ಟೆ ಮೇಲೆ ಬೇಡ. ದೇವರ ಕಲ್ಲೈತೆ. ಕೆಳಗೇ ಇಡು."

ಸರಿ, ಅವನು ಕೆಳಗೇ ಇಟ್ಟ, ಧೂಳಿನಲ್ಲಿ. ಕಾಲೋನಿಯವರ ಲಾರಿ ಕಟ್ಟೆ ಹತ್ತುವಂತಿಲ್ಲವಾದರೆ ನೋಡುವವರು ಇಳಿಯಬೇಕಾಗುತ್ತದೆ. ಬರೀ ಇಳಿದರೂ ಸಾಲದು. ತೂತಿದ್ದದ್ದು ನೆಲದಿಂದ ನಾಲ್ಕೂಕಾಲು ಇಂಚಿಗೆ.

"ಮಲಕ್ಕೊಂಡು ನೋಡ್ಬೇಕು ಯಜಮಾನ್ರೇ," ಎಂದ ಗಂಗರಾಜು.

ಗುಂಪು ಗುಜುಗುಟ್ಟಿತು. ಚಲಪತಿ ಮುನ್ನುಗ್ಗಿ, "ದೊಡ್ಡಪ್ಪ, ಬೇಡ. ಬೇಕಂತ್ಲೇ ಮಾಡವ್ನೆ ಇವನು," ಎಂದ. ಚೆನ್ನರಾಯಪ್ಪ ಕೇಳಿಸಿಕೊಂಡಂತೆ ಕಾಣಲಿಲ್ಲ. ಖಾಕಿ ಬಳಿದ ಮಣ್ಣಿನ ಮನುಷ್ಯನನ್ನೇ ನೋಡುತ್ತಿದ್ದ. ಮೆಟ್ಟಿಲಿಳಿದು ಬಂದು, ಹೆಗಲ ಮೇಲಿನ ಟವೆಲನ್ನು ತೆಗೆದು ಮಗ್ಗುಲಿಗಿಟ್ಟು, ಮಂಡಿಯೂರಿ, ಆಮೇಲೆ ಪೂರ್ತಿ ಹೊಟ್ಟೆಯ ಮೇಲೆ ಮಲಗಿದ. ಎಪ್ಪತ್ತು ಎಕರೆಯ ಮನುಷ್ಯ ಕಾಲೋನಿಯವನ ಕಾಲಬುಡದಲ್ಲಿ ಧೂಳಿಗೆ ಗಲ್ಲ ಹಚ್ಚಿದ.

ಬಲೆ ಇನ್ನೂ ಕಮಾನಿನ ಮೇಲೆ ಸುತ್ತಿಕೊಂಡೇ ಇತ್ತು.

"ಕಾಣ್ತಾನೆ," ಎಂದ ಚೆನ್ನರಾಯಪ್ಪ. "ನನ್ನ ಮಗ ಕಾಣ್ತಾನಲ್ಲೋ!"

"ಕೇಳುದ್ರಾ? ಕೇಳುದ್ರಾ ಎಲ್ರೂ?" ಚಲಪತಿ ಗಂಗರಾಜುವಿನ ಎದೆಗೆ ಕೈ ಹಾಕಿದ. ಗುಂಪು ಒತ್ತಿಕೊಂಡು ಬಂತು. ಕಾಲೋನಿಯ ಗಂಡಸರು ಹಿಂದಿನಿಂದ ಒತ್ತಿದರು. ಎಲ್ಲರ ಕಾಲುಗಳ ನಡುವೆ ಆ ಪುಟ್ಟ ಲಾರಿ.

"ಇನ್ನೂ ಮುಗಿದಿಲ್ಲ!" ಗಂಗರಾಜು ಕೂಗಿದ. "ಯಜಮಾನ್ರೇ, ಕಣ್ಣು ತೆಗೀಬೇಡಿ. ಅವತ್ತು ಗಾಳಿಯಿತ್ತು."

ತನುಜ ಮೊರ ಬೀಸಿದಳು. ಒಂದು, ಎರಡು, ಐದು, ಹತ್ತು. ಏನೂ ಆಗಲಿಲ್ಲ. ಚಲಪತಿ ನಕ್ಕ. ಹದಿನೈದು. ಇಪ್ಪತ್ತನೆಯ ಬೀಸಿಗೆ ಗಂಟು ಜಾರಿ ಬಲೆ ಇಳಿಯಿತು.

ಚೆನ್ನರಾಯಪ್ಪ ಕಣ್ಣನ್ನು ತೂತಿಗೆ ಇನ್ನಷ್ಟು ಒತ್ತಿದ. "ಮರಳು," ಎಂದ ಕೊನೆಗೆ. "ಮರಳಷ್ಟೇ."

"ಇದನ್ನೇ ನಾನು ನೋಡಿದ್ದು. ಆಕಾಶ ಯಾಕಿಲ್ಲ ಅಂತ ಕೇಳ್ಕೋಬೇಕಿತ್ತು ಯಜಮಾನ್ರೇ. ಕೇಳ್ಕೊಳ್ಳಲಿಲ್ಲ. ಅಷ್ಟು ತಪ್ಪು ನಂದು. ಅದನ್ನ ನಾನು ಹೊರ್ತೀನಿ. ನೋಡಿ ನೋಡಿ ಹತ್ತಿಸ್ದೋನಲ್ಲ ನಾನು."

"ಆ ಬಲೆ ಕಟ್ಟಿದ್ದು ಯಾರು?" ಚಲಪತಿ ಬಿಡಲಿಲ್ಲ. "ಹೇಳೋ. ಗಂಟು ಯಾರ್ದು?"

ಗಂಗರಾಜು ಬಾಯಿ ಬಿಗಿದ. ಹೇಳಿದರೆ ತಪ್ಪು ಸತ್ತವನ ಮೇಲೆ, ಹೇಳದಿದ್ದರೆ ತನ್ನ ಮೇಲೆ.

ಹೆಂಗಸರ ನಡುವಿನಿಂದ ಮುನಿಶಾಮಮ್ಮ ಮುಂದೆ ಬಂದಳು. "ಕಟ್ಟಿದ್ದು ಮಧು. ಗಂಟು ನಂದು. ಏಳು ವರ್ಷದ ಹುಡುಗ ತೋಟಕ್ಕೆ ಬಂದು ನನ್ನ ಸೆರಗು ಎಳೆದು ಕಲಿಸ್ಕೊಂಡ."

"ಅಂದ್ರೆ ನೀನೇ ಕೊಂದಂಗಾಯ್ತಲ್ಲೇ ಮುದುಕಿ!" ಎಂದ ಚಲಪತಿ.

"ಹೌದೇನಪ್ಪ?" ಅವಳ ದನಿ ಏರಲಿಲ್ಲ. "ಮಗ ಸಿಕ್ಕದಿದ್ರೆ ಅಮ್ಮ. ಅಮ್ಮ ಸಿಕ್ಕದಿದ್ರೆ ಅವಳಮ್ಮ. ಎತ್ತ ತಿರುಗ್ಸಿದ್ರೂ ತಪ್ಪು ನಮ್ಮ ಕೇರಿಗೇ ಬಂದು ನಿಲ್ಬೇಕು, ಅಲ್ವಾ? ಇಪ್ಪತ್ತು ವರ್ಷ ಆ ಗಂಟಲ್ಲಿ ನಿಮ್ಮ ಹುಳಕ್ಕೆ ಸೊಪ್ಪು ಬಂತು. ಆ ಹುಳ ಕಟ್ಟಿದ ಗೂಡಲ್ಲಿ ನಿಮ್ಮ ತಾರಸಿ ಎದ್ದಿತು. ಆವಾಗ ಯಾರ್ದು ಗಂಟು ಅಂತ ಒಬ್ರೂ ಕೇಳ್ಲಿಲ್ಲ. ನಿಮ್ಮ ಮನೇಲಿ ಒಬ್ರಿಗಾದ್ರೂ ಹೊರೆ ಕಟ್ಟೋಕೆ ಬರ್ತದಾ? ಆ ಮಗೀಗೆ ಬರ್ತಿತ್ತು. ಬೇಕು ಅಂತ ಕಲ್ತ. ನಾನು ಕೆಲಸ ಕಲ್ಸಿದ್ದು ಕಣಯ್ಯ, ಸಾವಲ್ಲ."

ಚಲಪತಿ ಲಾರಿಯ ಮೇಲೆ ಕಾಲೆತ್ತಿದ.

"ಕಾಲು ತೆಗಿ," ಎಂದ ನೆಲದ ಮೇಲಿದ್ದ ಚೆನ್ನರಾಯಪ್ಪ.

ಕಾಲು ಹಿಂದಕ್ಕೆ ಹೋಯಿತು. ಚೆನ್ನರಾಯಪ್ಪ ಮಂಡಿಯ ಮೇಲೆ ಎದ್ದ. ಗಲ್ಲಕ್ಕೆ, ಅಂಗಿಗೆ, ಹುಬ್ಬಿಗೆ ಧೂಳು. ಬಯ್ಯಪ್ಪನ ಕಡೆ ತಿರುಗಿ, "ಹುಡುಗ ಊರಲ್ಲಿರ್ಲಿ. ಮುಗೀತು," ಎಂದ.

"ಮುಗೀಲಿಲ್ಲ," ಎಂದಳು ಮುನಿಶಾಮಮ್ಮ. "ಬಸ್ ಸ್ಟಾಪಲ್ಲಿ ಎಲ್ರ ಮುಂದೆ ಅಂದಿದ್ದು ಎಲ್ರ ಮುಂದೆನೇ ವಾಪಸ್ ಹೋಗ್ಬೇಕು."

"ಅತಿಯಾಯ್ತು ಕಣಮ್ಮ," ಎಂದ ಬಯ್ಯಪ್ಪ.

ಅವಳು ಕದಲಲಿಲ್ಲ. ಅವಳ ಹಿಂದೆ ತನುಜ ನಿಂತಳು, ತನುಜಳ ಹಿಂದೆ ಕೋನಪ್ಪ, ಅವನ ಹಿಂದೆ ಕಾಲೋನಿ. ಮಂಡಿಯೂರಿದ್ದ ಮುದುಕ ಆ ಸಾಲನ್ನು ನೋಡಿದ.

"ಗಂಗರಾಜು ಕೊಲೆಗಾರ ಅಲ್ಲ," ಎಂದ.

"ಕೇಳಿಸ್ಲಿಲ್ಲ," ಎಂದ ಹಿಂದಿನಿಂದ ಕೋನಪ್ಪ.

"ಕೊಲೆಗಾರ ಅಲ್ಲ!" ಚೆನ್ನರಾಯಪ್ಪ ಕೂಗಿದ. ಆ ಕೂಗಿಗೆ ಅರಳಿಮರದ ಹಕ್ಕಿಗಳು ಎದ್ದವು. "ನನ್ನ ಮಗನ್ನ ಇವನು ಕೊಲ್ಲಲಿಲ್ಲ. ಅಂದಿದ್ದು ತಪ್ಪಾಯ್ತು."

ಗುಂಪು ಸಡಿಲಾಯಿತು. ಹಿರಿಯರು ಒಬ್ಬೊಬ್ಬರಾಗಿ ಕಟ್ಟೆಯಿಂದ ಇಳಿದು, ಯಾರ ಮುಖವನ್ನೂ ನೋಡದೆ ನಡೆದರು. ಚಲಪತಿ ದೊಡ್ಡಪ್ಪನ ತೋಳು ಹಿಡಿದು ಎಬ್ಬಿಸಲು ಹೋದ. ಚೆನ್ನರಾಯಪ್ಪ ತೋಳು ಬಿಡಿಸಿಕೊಂಡ.

"ಗಂಗರಾಜು."

"ಏನ್ ಯಜಮಾನ್ರೇ?"

"ಆ ಬಲೆ ಒಂಚೂರು ಎತ್ತಿ ಹಿಡ್ಕೊಳ್ತೀಯಾ?"

ಗಂಗರಾಜು ಬಗ್ಗಿ, ಎರಡು ಬೆರಳಲ್ಲಿ ಬಲೆಯ ಅಂಚು ಎತ್ತಿ ಹಿಡಿದ. ಮುದುಕ ಮತ್ತೆ ಧೂಳಿನಲ್ಲಿ ಮಲಗಿ ತೂತಿಗೆ ಕಣ್ಣಿಟ್ಟ. ಬಿಸಿಲು ಏರುತ್ತಿತ್ತು. ಬಗ್ಗಿ ನಿಂತ ಗಂಗರಾಜುವಿನ ಸೊಂಟ ಹಿಡಿದುಕೊಂಡಿತು, ಬೆರಳು ಜೋಮು ಹಿಡಿಯಿತು. ಸಾಕಾ ಎಂದು ಅವನು ಕೇಳಲಿಲ್ಲ. ಮುದುಕನೂ ಏಳಲಿಲ್ಲ.